ಫುಜಿ ಹತ್ತಲು ಒಂದು ರಾತ್ರಿ ಸಾಕಾ?

ಪ್ರಶ್ನೆ: ಜುಲೈ ಕೊನೆಯ ವಾರ ನಾನು, ನನ್ನ ಯಜಮಾನರು ಮತ್ತು 13 ವರ್ಷದ ಮಗ ಜಪಾನ್‌ಗೆ ಹೋಗುತ್ತಿದ್ದೇವೆ. ಸಣ್ಣಪುಟ್ಟ ಬೆಟ್ಟ ಹತ್ತಿ ಅಭ್ಯಾಸವಿದೆ. ಟೋಕಿಯೊದಿಂದ ಸಂಜೆ ಹೊರಟು, ರಾತ್ರಿಯೆಲ್ಲ ಫುಜಿ ಹತ್ತಿ, ತುದಿಯಲ್ಲಿ ಸೂರ್ಯೋದಯ ನೋಡಿ, ಮಧ್ಯಾಹ್ನದ ಹೊತ್ತಿಗೆ ಇಳಿದುಬಿಡಬೇಕು ಅಂತಿದ್ದೇವೆ. ಬೆಟ್ಟದ ಮೇಲಿನ ತಂಗುಮನೆಗಳು ತುಂಬಾ ದುಬಾರಿ, ಅದಕ್ಕೆ ಬೇಡ ಅಂದುಕೊಂಡೆವು. ಇದು ಆಗುತ್ತಾ? ಅದು ಇನ್ನೂ ಜೀವಂತ ಜ್ವಾಲಾಮುಖಿ ಅಂತ ಯಜಮಾನರಿಗೆ ದಿಗಿಲು. ಸೀಸನ್ ಮುಗಿದ ಮೇಲೆ ಹೋದರೆ ಜನವೂ ಇರಲ್ಲ, ಶುಲ್ಕವೂ ಇಲ್ಲ ಅಂತ ಗೆಳತಿಯೊಬ್ಬಳು ಹೇಳುತ್ತಾಳೆ. ಮಗನಿಗೆ ತುದಿಯಿಂದ ಅಜ್ಜಿಗೆ ಒಂದು ಕಾಗದ ಹಾಕುವ ಆಸೆ. ನಾವು ಸಸ್ಯಾಹಾರಿಗಳು.

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಆಗಲ್ಲ. ನಿಮ್ಮ ಕಾಲಿನ ಶಕ್ತಿಯ ಮೇಲೆ ಅನುಮಾನ ಪಟ್ಟು ಹೇಳುತ್ತಿಲ್ಲ. ನೀವು ಹೋಗುವ ಹೊತ್ತಿಗೆ ಗೇಟು ಹಾಕಿರುತ್ತದೆ, ಅಷ್ಟೆ.

ಫುಜಿಗೆ ನಾಲ್ಕು ದಾರಿಗಳಿವೆ. ಯೊಶಿದಾ ದಾರಿ ಯಮನಾಶಿ ಪ್ರಾಂತ್ಯದ ಕಡೆಯದು. ಸುಬಾಶಿರಿ, ಗೊತೆಂಬಾ, ಫುಜಿನೊಮಿಯಾ ಈ ಮೂರು ಶಿಝುವೊಕಾ ಪ್ರಾಂತ್ಯದ ಕಡೆಯವು. 2024ರಲ್ಲಿ ಯಮನಾಶಿಯವರು ಯೊಶಿದಾ ದಾರಿಯ ಬಾಯಿಗೆ ಒಂದು ಗೇಟು ಕೂರಿಸಿ 2,000 ಯೆನ್ ವಸೂಲಿ ಶುರು ಮಾಡಿದರು. 2025ರಲ್ಲಿ ಶಿಝುವೊಕಾದವರೂ ಸೇರಿಕೊಂಡರು. ಆಗ ನಾಲ್ಕೂ ದಾರಿಗಳಿಗೆ ತಲೆಗೆ 4,000 ಯೆನ್ ಆಯಿತು. ಮಧ್ಯಾಹ್ನ 2 ಗಂಟೆಯಿಂದ ಬೆಳಗಿನ ಜಾವ 3 ಗಂಟೆಯವರೆಗೆ, ಮೇಲೆ ತಂಗುಮನೆ ಬುಕ್ ಮಾಡದವರನ್ನು ಒಳಗೆ ಬಿಡುವುದಿಲ್ಲ. ಯೊಶಿದಾ ದಾರಿಯಲ್ಲಿ ದಿನಕ್ಕೆ 4,000 ಜನರ ಮಿತಿಯೂ ಇದೆ. ನಾಲ್ಕು ಸಾವಿರ ಯೆನ್, ನಾಲ್ಕು ಸಾವಿರ ಜನ ಅಂತ ನೆನಪಿಟ್ಟುಕೊಳ್ಳಬಹುದು. ಆದರೆ ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿವೆ. ನೀವು ಹೋಗುವ ವರ್ಷದ ನಿಯಮವನ್ನು ಆ ಪ್ರಾಂತ್ಯಗಳ ಅಧಿಕೃತ ಪುಟದಲ್ಲಿ ನೋಡಿಕೊಂಡೇ ಹೊರಡಿ.

ಈ ನಿಯಮ ಬಂದದ್ದೇ ನೀವು ಹಾಕಿಕೊಂಡಂಥ ಯೋಜನೆಯನ್ನು ತಡೆಯಲು. ಜಪಾನಿನವರು ಅದಕ್ಕೆ ‘ದಂಗನ್ ತೊಝಾನ್’ ಅನ್ನುತ್ತಾರೆ. ಅಂದರೆ ಗುಂಡು ಹಾರಿದ ಹಾಗೆ ಹತ್ತುವುದು. ಸಂಜೆ ಬಸ್ಸು, ರಾತ್ರಿ ನಡಿಗೆ, ಬೆಳಗ್ಗೆ ತುದಿ, ನಿದ್ದೆಯೇ ಇಲ್ಲ. ಇದರ ರುಚಿ ನನಗೂ ಗೊತ್ತು, ಬುದ್ಧಿ ಹೇಳುವ ಅಧಿಕಾರ ಬಂದದ್ದೂ ಅದರಿಂದಲೇ. ಗೇಟು ಇಲ್ಲದ ಕಾಲದಲ್ಲಿ ನಾನು ಮೊದಲ ಸಲ ಫುಜಿ ಹತ್ತಿದ್ದು ಹೀಗೇ. ರಾತ್ರಿ ಒಂದೂವರೆಯ ಹೊತ್ತಿಗೆ ಎಂಟನೇ ನಿಲ್ದಾಣದ (ದಾರಿಯ ಹತ್ತು ಪಾಲಿನಲ್ಲಿ ಎಂಟನೆಯದು) ಹತ್ತಿರ ತಲೆ ಸಿಡಿಯತೊಡಗಿತು. ವಾಂತಿಯಾಯಿತು. ತಂಗುಮನೆಯ ಹೊರಗಿನ ಬೆಂಚಿನ ಮೇಲೆ ನಡುಗುತ್ತಾ ಕುಳಿತೆ. ಒಳಗೆ ಜಾಗವಿರಲಿಲ್ಲ. ಸೂರ್ಯ ಹುಟ್ಟಿದ್ದನ್ನು ನೋಡಿದೆನೋ ಇಲ್ಲವೋ ಈಗಲೂ ಸರಿಯಾಗಿ ನೆನಪಿಲ್ಲ. ತುದಿ ಮುಟ್ಟದೆ ಇಳಿದೆ.

ಹೀಗೇಕೆ ಆಗುತ್ತದೆ? ಫುಜಿಯ ಎತ್ತರ 3,776 ಮೀಟರ್. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗದಷ್ಟೇ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ತಲೆ ಹಾಕುತ್ತದೆ. ಟೋಕಿಯೊ ಇರುವುದು ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಎರಡೂವರೆ ಗಂಟೆಗೆ 2,305 ಮೀಟರ್‌ಗೆ ಬಂದು ಇಳಿಯುತ್ತೀರಿ. ಇಳಿದ ಕೂಡಲೇ ಹತ್ತಲು ಶುರು ಮಾಡಿದರೆ ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಇದಕ್ಕೂ ನಿಮ್ಮ ದೇಹದಾರ್ಢ್ಯಕ್ಕೂ ಸಂಬಂಧ ಕಡಿಮೆ. ದಿನಾ ಹತ್ತು ಕಿಲೋಮೀಟರ್ ಓಡುವವರು ಮಲಗಿಬಿಟ್ಟದ್ದನ್ನೂ ನೋಡಿದ್ದೇನೆ, ಎಪ್ಪತ್ತು ದಾಟಿದ ಜಪಾನಿ ಅಜ್ಜಿಯರು ಬಸವನಹುಳುವಿನ ಹಾಗೆ ನಡೆದು ನಗುನಗುತ್ತಾ ತುದಿ ಮುಟ್ಟಿದ್ದನ್ನೂ ನೋಡಿದ್ದೇನೆ.

ಬೇಸಿಗೆಯಲ್ಲಿ ಫುಜಿ ಹತ್ತಲು ಹಗ್ಗ ಬೇಕಿಲ್ಲ, ಬಂಡೆ ಏರುವ ವಿದ್ಯೆ ಬೇಕಿಲ್ಲ. ಬೇಕಾದದ್ದು ನಿಧಾನ. ಹಾಗಾಗಿ ನಿಮ್ಮ ಯೋಜನೆಯಿಂದ ಅವಸರವನ್ನು ತೆಗೆದು, ಅಲ್ಲಿ ಒಂದು ರಾತ್ರಿಯ ತಂಗುಮನೆಯನ್ನು ಇಡಿ. ದುಬಾರಿ ಅನ್ನುವುದು ನಿಜ. ಊಟ ಸೇರಿದರೆ ತಲೆಗೆ 10,000 ಯೆನ್ ದಾಟುತ್ತದೆ, ವಾರಾಂತ್ಯದಲ್ಲಿ ಇನ್ನೂ ಜಾಸ್ತಿ. ಆ ದುಡ್ಡಿಗೆ ಸಿಗುವುದು ಏನು? ಭುಜಕ್ಕೆ ಭುಜ ತಾಗುವಷ್ಟು ಜಾಗದಲ್ಲಿ ಒಂದು ಸ್ಲೀಪಿಂಗ್ ಬ್ಯಾಗು. ಸ್ನಾನ ಇಲ್ಲ. ಪಕ್ಕದವರ ಗೊರಕೆ ಉಚಿತ. ಆದರೂ ತೆಗೆದುಕೊಳ್ಳಿ. ಅಲ್ಲಿ ನೀವು ಕೊಳ್ಳುವುದು ಹಾಸಿಗೆಯನ್ನಲ್ಲ, ಮೂರು ಸಾವಿರ ಮೀಟರ್ ಎತ್ತರದಲ್ಲಿ ಸುಮ್ನೆ ಕೂರುವ ಆರೇಳು ಗಂಟೆಗಳನ್ನು.

ದಾರಿಯಲ್ಲಿ ಯೊಶಿದಾವನ್ನೇ ಹಿಡಿಯಿರಿ. ಜನ ಜಾಸ್ತಿ, ನಿಜ. ಆದರೆ ತಂಗುಮನೆಗಳೂ ಅಲ್ಲೇ ಜಾಸ್ತಿ, ಏಳು ಮತ್ತು ಎಂಟನೇ ನಿಲ್ದಾಣಗಳಲ್ಲಿ ಪ್ರಥಮ ಚಿಕಿತ್ಸೆಯ ವ್ಯವಸ್ಥೆಯೂ ಇದೆ. ಮಗು ಜೊತೆಗಿರುವಾಗ ಅದೇ ಮುಖ್ಯ. ಫುಜಿನೊಮಿಯಾ ದಾರಿ ಎಲ್ಲಕ್ಕಿಂತ ಚಿಕ್ಕದು, ಕಡಿದೂ ಅದೇ. ಸುಬಾಶಿರಿ ದಾರಿ ಕಾಡಿನೊಳಗಿಂದ ಶುರುವಾಗುತ್ತದೆ, ಚೆಂದವಿದೆ, ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಗೊತೆಂಬಾದ ಮಾತು ಬೇಡ. ಅದು ಸುಮಾರು 1,440 ಮೀಟರ್‌ನಿಂದ ಶುರು, ಹತ್ತಬೇಕಾದದ್ದು 2,300 ಮೀಟರ್ ಮೇಲೆ.

‘ನಿಲ್ದಾಣ’ ಅಂದರೆ ಬಸ್ ನಿಲ್ದಾಣ ಅಂದುಕೊಳ್ಳಬೇಡಿ. ಬೆಟ್ಟದ ಬುಡದಿಂದ ತುದಿಯವರೆಗಿನ ದಾರಿಯನ್ನು ಹತ್ತು ಪಾಲು ಮಾಡಿ ಒಂದೊಂದಕ್ಕೂ ‘ಗೋಮೆ’ ಎಂದು ಹೆಸರಿಟ್ಟಿದ್ದಾರೆ. ‘ಗೋ’ ಅನ್ನುವುದು ಅಕ್ಕಿ ಅಳೆಯುವ ಅಳತೆಯೂ ಹೌದು. ಹತ್ತು ಗೋ ಸೇರಿದರೆ ಒಂದು ಶೋ, ನಮ್ಮ ಪಾವು ಸೇರು ಇದ್ದ ಹಾಗೆ. ಈಗ ಬಸ್ಸು ಐದನೇ ಗೋಮೆಯವರೆಗೂ ಹೋಗುವುದರಿಂದ ಎಲ್ಲರೂ ಅರ್ಧ ಬೆಟ್ಟ ಮಾತ್ರ ಹತ್ತುತ್ತಾರೆ. ಆ ಅರ್ಧವೂ ಸುಮಾರು 1,400 ಮೀಟರ್ ಏರು. ಐದಾದ ಮೇಲೆ ಆರು, ಏಳು, ಎಂಟು ಬರುತ್ತವೆ. ಎಂಟಾದ ಮೇಲೆ ‘ಮೂಲ ಎಂಟು’, ಆಮೇಲೆ ‘ಎಂಟೂವರೆ’. ಒಂಬತ್ತು ಎಲ್ಲಿ ಹೋಯಿತು ಅಂತ ನಿಮ್ಮ ಮಗ ಅಳುವುದು ಅಲ್ಲೇ. ಮೊದಲೇ ಹೇಳಿಟ್ಟಿರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಟೋಕಿಯೊದ ಶಿಂಜುಕುವಿನಿಂದ ಬೆಳಗಿನ ನೇರ ಬಸ್ಸು ಹಿಡಿದು ಹತ್ತು, ಹನ್ನೊಂದರ ಸುಮಾರಿಗೆ ಐದನೇ ನಿಲ್ದಾಣಕ್ಕೆ. ಅಲ್ಲಿ ಒಂದು ಗಂಟೆ ಏನೂ ಮಾಡಬಾರದು. ತಿನ್ನಿ, ನೀರು ಕುಡಿಯಿರಿ, ಅಂಗಡಿ ನೋಡಿ. ಹನ್ನೆರಡರ ಹೊತ್ತಿಗೆ ಹೊರಟು, ನಾಲ್ಕೈದು ಗಂಟೆಗೆಲ್ಲ ಏಳು ಅಥವಾ ಎಂಟನೇ ನಿಲ್ದಾಣದ ತಂಗುಮನೆ ಸೇರಿಕೊಳ್ಳಿ. ನಡೆಯುವಾಗ ಮೂವರೂ ಮಾತಾಡುತ್ತಾ ಇರಿ. ಮಾತು ತುಂಡಾಗುತ್ತಿದೆ ಅಂದರೆ ನಡಿಗೆ ಜೋರಾಯಿತು ಅಂತ ಅರ್ಥ.

ತಂಗುಮನೆಗೆ ಹೋದ ಕೂಡಲೇ ಉರುಳಿಕೊಳ್ಳಬೇಡಿ. ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ನಿದ್ದೆಯಲ್ಲಿ ಉಸಿರಾಟ ಮೆಲ್ಲಗಾಗುತ್ತದೆ, ಮೊದಲೇ ಕಡಿಮೆಯಿದ್ದ ಆಮ್ಲಜನಕ ಇನ್ನೂ ಕಡಿಮೆಯಾಗುತ್ತದೆ. ಚೆನ್ನಾಗಿದ್ದವರು ಒಂದು ಗಂಟೆ ಮಲಗಿ ಎದ್ದಾಗ ತಲೆನೋವು ಅನ್ನುವುದು ಇದರಿಂದಲೇ. ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ, ಆಳವಾಗಿ ಉಸಿರು ಬಿಟ್ಟು ಎಳೆದುಕೊಳ್ಳಿ, ಊಟ ಮಾಡಿ, ಆಮೇಲೆ ಮಲಗಿ. ಅಂಗಡಿಗಳಲ್ಲಿ ಆಮ್ಲಜನಕದ ಡಬ್ಬಿ ಮಾರುತ್ತಾರೆ. ಮೂತಿಗೆ ಹಿಡಿದಷ್ಟು ಹೊತ್ತು ಹಿತವಾಗಿರುತ್ತದೆ, ಅಷ್ಟೇ. ತಲೆನೋವಿನ ಜೊತೆ ವಾಂತಿ ಬಂತು, ಹೆಜ್ಜೆ ತಪ್ಪುತ್ತಿದೆ ಅಂದರೆ ಮದ್ದು ಒಂದೇ, ಇಳಿಯುವುದು. ಮಗನ ಮೇಲೆ ಒಂದು ಕಣ್ಣಿಡಿ. ಆ ವಯಸ್ಸಿನ ಮಕ್ಕಳು ತಲೆನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಇದ್ದಕ್ಕಿದ್ದಂತೆ ಮೌನವಾಗುತ್ತಾರೆ. ಹರಟುತ್ತಿದ್ದವನು ಸುಮ್ಮನಾದರೆ ನಿಲ್ಲಿಸಿ ಕೇಳಿ. ಎತ್ತರದ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ, ಬೆಟ್ಟದ ಮೇಲೆ ಯಾರೋ ಕೊಟ್ಟದ್ದನ್ನು ನುಂಗಬೇಡಿ.

ಈಗ ಸೂರ್ಯೋದಯ. ಜಪಾನಿನವರು ಬೆಟ್ಟದ ತುದಿಯ ಸೂರ್ಯೋದಯಕ್ಕೆ ‘ಗೊರೈಕೊ’ ಎಂದು ಬೇರೆಯೇ ಹೆಸರಿಟ್ಟಿದ್ದಾರೆ, ಅಷ್ಟು ಗೌರವ. ಜುಲೈ ಕೊನೆಯಲ್ಲಿ ಅದು ಬೆಳಗ್ಗೆ ನಾಲ್ಕೂವರೆ ದಾಟಿ ಸ್ವಲ್ಪ ಹೊತ್ತಿಗೆ. ತುದಿಯಲ್ಲೇ ನೋಡಬೇಕೆಂದರೆ ತಂಗುಮನೆಯವರು ರಾತ್ರಿ ಒಂದರ ಸುಮಾರಿಗೇ ಎಬ್ಬಿಸುತ್ತಾರೆ. ಆಮೇಲೆ ಏನಾಗುತ್ತದೆ ಗೊತ್ತಾ? ಬೆಟ್ಟದ ಮೇಲಿದ್ದವರೆಲ್ಲ ಒಂದೇ ಹೊತ್ತಿಗೆ ಏಳುತ್ತಾರೆ. ಹೆಡ್‌ಲ್ಯಾಂಪ್‌ಗಳ ಸಾಲು, ಎರಡು ಹೆಜ್ಜೆ ನಡೆದರೆ ಒಂದು ನಿಮಿಷ ನಿಲ್ಲುವುದು. ಮೇಲೆ ಹೋಗಿ ಕೊರೆಯುವ ಗಾಳಿಯಲ್ಲಿ ಕಾಯುವುದು. ಜುಲೈಯಲ್ಲಿ ತುದಿಯ ಸರಾಸರಿ ಉಷ್ಣಾಂಶ 5 ಡಿಗ್ರಿಯ ಆಸುಪಾಸು. ಸೂರ್ಯ ಹುಟ್ಟುವ ಮುಂಚೆ ಅದಕ್ಕಿಂತ ಕೆಳಗೆ, ಗಾಳಿ ಬೀಸಿದರೆ ಮೈಗೆ ತಾಗುವುದು ಇನ್ನೂ ಕೆಟ್ಟದಾಗಿ.

ನನ್ನ ಮಾತು ಕೇಳುವುದಾದರೆ ತುದಿಯ ಸೂರ್ಯೋದಯ ಬಿಟ್ಟುಬಿಡಿ. ಯೊಶಿದಾ ದಾರಿಗೆ ಪೂರ್ವ ದಿಕ್ಕು ತೆರೆದಿದೆ. ತಂಗುಮನೆಯ ಮುಂದಿನ ಜಗಲಿಯಲ್ಲಿ ನಿಂತರೂ ಅದೇ ಸೂರ್ಯ, ಅದೇ ಮೋಡದ ಕಡಲು. ಕೈಯಲ್ಲಿ ಬಿಸಿ ಲೋಟ ಬೇರೆ. ನೋಡಿಕೊಂಡು, ತಿಂಡಿ ತಿಂದು, ಐದೂವರೆಗೆ ಹೊರಡಿ. ರಾತ್ರಿಯ ಗುಂಪು ಅಷ್ಟು ಹೊತ್ತಿಗೆ ಇಳಿಯತೊಡಗಿರುತ್ತದೆ. ಅವರಿಗೆ ಇಳಿಯಲು ದಾರಿಯೇ ಬೇರೆ, ಹಾಗಾಗಿ ನಿಮ್ಮ ಏರುದಾರಿ ಖಾಲಿ. ಎರಡೂವರೆ, ಮೂರು ಗಂಟೆಯಲ್ಲಿ ಹಗಲು ಬೆಳಕಿನಲ್ಲೇ ತುದಿ ಸೇರುತ್ತೀರಿ. ಇದರಲ್ಲಿ ತಪ್ಪಿಹೋಗುವುದು ಒಂದೇ, ಫುಜಿಯ ನೆರಳು. ಸೂರ್ಯ ಹುಟ್ಟಿದ ಹೊಸದರಲ್ಲಿ ಬೆಟ್ಟದ ನೆರಳು ಪಶ್ಚಿಮದ ಮೋಡಗಳ ಮೇಲೆ ಅಚ್ಚು ತ್ರಿಕೋನವಾಗಿ ಚಾಚುತ್ತದೆ. ಅದನ್ನು ನೋಡಲು ತುದಿಯ ಪಶ್ಚಿಮ ಅಂಚಿನಲ್ಲಿರಬೇಕು. ನನ್ನ ಮಟ್ಟಿಗೆ ಅದು ಸೂರ್ಯೋದಯಕ್ಕಿಂತ ದೊಡ್ಡ ನೋಟ. ಆದರೂ ಹದಿಮೂರರ ಹುಡುಗನನ್ನು ರಾತ್ರಿ ಒಂದಕ್ಕೆ ಎಬ್ಬಿಸುವಷ್ಟು ದೊಡ್ಡದಲ್ಲ.

ತುದಿ ಅಂದರೆ ಒಂದು ಚೂಪು ಮೊನೆ ಇರುತ್ತದೆ ಅಂದುಕೊಂಡವರಿಗೆ ಅಲ್ಲಿ ಅಚ್ಚರಿ ಕಾದಿದೆ. ಅಲ್ಲಿರುವುದು ಇನ್ನೂರು ಮೀಟರ್‌ಗೂ ಮೀರಿದ ಆಳದ ಒಂದು ದೊಡ್ಡ ಕುಳಿ. ಅದರ ಅಂಚಿನ ಸುತ್ತ ನಡೆದರೆ ಸುಮಾರು ಮೂರು ಕಿಲೋಮೀಟರ್, ಒಂದೂವರೆ ಗಂಟೆ. ಅಂಚಿನ ಮೇಲೆ ಅತಿ ಎತ್ತರದ ಜಾಗದ ಹೆಸರು ಕೆಂಗಮಿನೆ. 3,776 ಅನ್ನುವುದು ಅದರ ಲೆಕ್ಕ. ಅಲ್ಲಿನ ಹವಾಮಾನ ಕೇಂದ್ರದಲ್ಲಿ 1964ರಲ್ಲಿ ರಾಡಾರ್ ಕೂರಿಸಿದ್ದರು. ಬರುವ ಚಂಡಮಾರುತಗಳನ್ನು ದೂರದಿಂದಲೇ ಕಾಣಲು ಅದು ಬೇಕಿತ್ತು. ಉಪಗ್ರಹಗಳು ಬಂದ ಮೇಲೆ ಅದರ ಕೆಲಸ ಮುಗಿಯಿತು. ಯೊಶಿದಾ ದಾರಿಯಲ್ಲಿ ತುದಿ ಮುಟ್ಟಿದವರಲ್ಲಿ ಬಹಳ ಮಂದಿ ಕೆಂಗಮಿನೆಯವರೆಗೆ ಹೋಗುವುದೇ ಇಲ್ಲ. ಗಾಳಿ ಜೋರಾಗಿದ್ದರೆ ನೀವೂ ಹೋಗಬೇಡಿ.

ಇನ್ನು ಯಜಮಾನರ ದಿಗಿಲು. ಅವರನ್ನು ನೋಡಿ ನಗಬೇಡಿ, ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಫುಜಿ ಜೀವಂತ ಜ್ವಾಲಾಮುಖಿಯೇ. ಕೊನೆಯ ಸಲ ಸಿಡಿದದ್ದು 1707ರ ಡಿಸೆಂಬರ್ 16ರಂದು. ಅದಕ್ಕೆ 49 ದಿನ ಮುಂಚೆ ಜಪಾನ್‌ನಲ್ಲಿ ಬಹಳ ದೊಡ್ಡ ಭೂಕಂಪವಾಗಿತ್ತು. ಸಿಡಿದದ್ದು ತುದಿಯಿಂದಲ್ಲ, ಆಗ್ನೇಯದ ಪಕ್ಕೆಯಿಂದ. ಎರಡು ವಾರ ಬೂದಿ ಉಗುಳಿತು. ಬುಡದ ಸುಬಾಶಿರಿ ಹಳ್ಳಿಯ ಮನೆಗಳು ಸುಟ್ಟು, ಕುಸಿದು, ಬೂದಿಯಲ್ಲಿ ಹೂತುಹೋದವು. ನೂರು ಕಿಲೋಮೀಟರ್ ದೂರದ ಎದೊ, ಅಂದರೆ ಈಗಿನ ಟೋಕಿಯೊದಲ್ಲಿ, ಹಗಲಲ್ಲೇ ದೀಪ ಹಚ್ಚಬೇಕಾಯಿತು. ಆ ಕುಳಿಯ ಹೆಸರು ಹೋಯೆಯ್. ತುದಿಯ ಕುಳಿಗಿಂತಲೂ ಅದು ದೊಡ್ಡದು. ಫುಜಿನೊಮಿಯಾ ಕಡೆಯ ಐದನೇ ನಿಲ್ದಾಣದಿಂದ ಒಂದು ಗಂಟೆ ನಡೆದರೆ ಅದರ ಅಂಚಿಗೆ ಹೋಗಿ ನಿಲ್ಲಬಹುದು. ತುದಿ ಹತ್ತಲಾಗದವರು ಅಲ್ಲಿಗೆ ಹೋಗಿಬನ್ನಿ. ಜ್ವಾಲಾಮುಖಿ ಅಂದರೇನು ಅಂತ ತುದಿಗಿಂತ ಅಲ್ಲೇ ಚೆನ್ನಾಗಿ ಅರ್ಥವಾಗುತ್ತದೆ.

ಅಂದರೆ ಮುನ್ನೂರು ವರ್ಷ ದಾಟಿತು, ಬೆಟ್ಟ ಸುಮ್ಮನಿದೆ. ಜಪಾನಿನ ಹವಾಮಾನ ಸಂಸ್ಥೆ ಜ್ವಾಲಾಮುಖಿಗಳಿಗೆ 1ರಿಂದ 5ರವರೆಗೆ ಎಚ್ಚರಿಕೆಯ ಮಟ್ಟ ಹಾಕುತ್ತದೆ. ಫುಜಿಗೆ ಈ ಪದ್ಧತಿ ಬಂದದ್ದು 2007ರಲ್ಲಿ, ಅಂದಿನಿಂದ ಅದು 1ರಲ್ಲೇ ಇದೆ. ಆದರೆ 1 ಅಂದರೆ ಸೊನ್ನೆಯಲ್ಲ. ಒಂತಾಕೆ ಎಂಬ ಇನ್ನೊಂದು ಬೆಟ್ಟವೂ ಮಟ್ಟ 1ರಲ್ಲೇ ಇತ್ತು. 2014ರ ಸೆಪ್ಟೆಂಬರ್ 27, ಶನಿವಾರ, ತುದಿಯಲ್ಲಿ ಜನ ಬುತ್ತಿ ಬಿಚ್ಚುವ ಹೊತ್ತು. ಆಗ ಅದು ಸಿಡಿಯಿತು. ಸತ್ತವರು, ಕಾಣೆಯಾದವರು ಸೇರಿ 63 ಮಂದಿ. ಅದು ಲಾವಾ ಉಕ್ಕಿದ ಸ್ಫೋಟವಲ್ಲ. ನೆಲದೊಳಗಿನ ನೀರು ಕಾದು, ಆವಿಯಾಗಿ, ಒಮ್ಮೆಲೇ ಒಡೆದುಕೊಂಡು ಬಂದದ್ದು. ಇಂಥವು ಮುನ್ಸೂಚನೆ ಕೊಡುವುದು ಬಹಳ ಕಡಿಮೆ. ಅಲ್ಲಿಯವರೆಗೆ ಮಟ್ಟ 1ರ ಮುಂದೆ ‘ಸಾಮಾನ್ಯ ಸ್ಥಿತಿ’ ಎಂದು ಬರೆದಿರುತ್ತಿತ್ತು. ಆ ಘಟನೆಯ ನಂತರ, 2015ರಲ್ಲಿ, ಅದನ್ನು ಅಳಿಸಿ ‘ಇದು ಜೀವಂತ ಜ್ವಾಲಾಮುಖಿ ಎಂಬ ಅರಿವಿರಲಿ’ ಎಂಬರ್ಥದ ಮಾತು ಹಾಕಿದರು. ಯಜಮಾನರಿಗೆ ನಾನು ಹೇಳುವುದೂ ಇಷ್ಟೇ. ಹೊರಡುವ ಹಿಂದಿನ ದಿನ ಮಟ್ಟ ನೋಡಿಕೊಳ್ಳಿ. 1 ದಾಟಿದ್ದರೆ ಟೋಕಿಯೊದಲ್ಲೇ ಇರಿ.

ನಿಜ ಹೇಳಬೇಕೆಂದರೆ, ಫುಜಿಯಲ್ಲಿ ಬೆಂಕಿಗಿಂತ ಹೆಚ್ಚು ಭಯಪಡಬೇಕಾದದ್ದು ಕಲ್ಲಿಗೆ. ಬೆಟ್ಟದ ಮೈಯೆಲ್ಲ ಉಗುಳಿದ ಜಲ್ಲಿ, ಸಡಿಲ. 1980ರ ಆಗಸ್ಟ್‌ನಲ್ಲಿ ಯೊಶಿದಾ ಕಡೆ ಮೇಲಿನಿಂದ ಬಂಡೆಗಳು ಉರುಳಿ 12 ಜನ ಸತ್ತರು. ಹಾಗಾಗಿ ಹೆಲ್ಮೆಟ್ ಇದ್ದರೆ ಒಳ್ಳೆಯದು, ಬಾಡಿಗೆಗೆ ಸಿಗುತ್ತದೆ. ಹಗ್ಗ ಕಟ್ಟಿದ ಗಡಿ ದಾಟಿ ಫೋಟೊ ತೆಗೆಯಲು ಹೋಗಬೇಡಿ. ನಿಮ್ಮ ಕಾಲಿನಿಂದ ಜಾರಿದ ಒಂದು ಕಲ್ಲು ಕೆಳಗಿನವರ ತಲೆಗೆ ಹೋಗುತ್ತದೆ. ಎರಡನೆಯದು ಸಿಡಿಲು. ಆರನೇ ನಿಲ್ದಾಣ ದಾಟಿದ ಮೇಲೆ ಮರವೇ ಇಲ್ಲ, ಅಲ್ಲಿ ಎತ್ತರದ ವಸ್ತು ಅಂದರೆ ನೀವೇ. ಬೇಸಿಗೆಯ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ತುದಿಯ ಕೆಲಸವನ್ನು ಬೆಳಗ್ಗೆಯೇ ಮುಗಿಸಿ ಅನ್ನುವುದು ಅದಕ್ಕೇ. ಗುಡುಗು ಕೇಳಿದರೆ ಹತ್ತಿರದ ತಂಗುಮನೆಯೊಳಗೆ ನುಗ್ಗಿ.

ಗೆಳತಿಯ ಸಲಹೆಗೆ ನನ್ನ ಉತ್ತರ ಒರಟಾಗಿದ್ದರೆ ಕ್ಷಮಿಸಿ: ಅದನ್ನು ಮರೆತುಬಿಡಿ. ಯೊಶಿದಾ ದಾರಿ ಜುಲೈ 1ರ ಸುಮಾರಿಗೆ, ಉಳಿದವು ಜುಲೈ 10ಕ್ಕೆ ತೆರೆದು, ಸೆಪ್ಟೆಂಬರ್ 10ಕ್ಕೆ ಮುಚ್ಚುತ್ತವೆ. ಮುಚ್ಚಿದ ಮೇಲೆ ತಂಗುಮನೆ ಇಲ್ಲ, ಶೌಚಾಲಯ ಇಲ್ಲ, ಚಿಕಿತ್ಸೆ ಇಲ್ಲ. ಆಮೇಲೆ ಬರುವುದು ಹಿಮ. ಜಾರಿದರೆ ತಡೆಯಲು ಒಂದು ಪೊದೆಯೂ ಇಲ್ಲದ ನುಣುಪು ಇಳಿಜಾರು. 2025ರ ಏಪ್ರಿಲ್‌ನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿದ್ದರು. ನಾಲ್ಕೇ ದಿನದಲ್ಲಿ ಅವನು, ಮೇಲೆ ಬಿಟ್ಟುಬಂದ ಫೋನ್ ಹುಡುಕಲು ಮತ್ತೆ ಹೋಗಿ, ಮತ್ತೆ ಸಿಕ್ಕಿಹಾಕಿಕೊಂಡು, ಮತ್ತೆ ರಕ್ಷಣೆಯವರನ್ನು ಓಡಾಡಿಸಿದ. ಜಪಾನಿನಲ್ಲಿ ಇದರ ಬಗ್ಗೆ ದೊಡ್ಡ ಗದ್ದಲವೇ ಆಯಿತು. ಜನ ಕಡಿಮೆ ಬೇಕು ಅನ್ನುವುದಾದರೆ ಸೀಸನ್‌ನೊಳಗೇ ದಿನ ಆರಿಸಿಕೊಳ್ಳಿ. ಜುಲೈ ಕೊನೆಯ ವಾರ ಒಳ್ಳೆಯ ಆಯ್ಕೆ, ಅಲ್ಲಿನ ಮಳೆಗಾಲ ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿದಿರುತ್ತದೆ. ಭಾನುವಾರದಿಂದ ಗುರುವಾರದೊಳಗಿನ ಒಂದು ರಾತ್ರಿ ಹಿಡಿಯಿರಿ. ಆಗಸ್ಟ್ ನಡುವೆ ಬರುವ, ಹಿರಿಯರನ್ನು ನೆನೆಯುವ ಒಬೊನ್ ಹಬ್ಬದ ರಜೆ ಮಾತ್ರ ಖಂಡಿತ ಬೇಡ.

ಇನ್ನೊಂದು ಮಾತು, ನಿರಾಸೆ ಆಗದಿರಲಿ ಅಂತ. ನೀವು ಚಿತ್ರಗಳಲ್ಲಿ ನೋಡಿದ ಬಿಳಿ ಟೊಪ್ಪಿಯ ಫುಜಿ ಜುಲೈಯಲ್ಲಿ ಇರುವುದಿಲ್ಲ. ಆಗ ಅದು ಕಂದು ಬಣ್ಣದ, ಬರಿಮೈಯ ಬೆಟ್ಟ. ಹತ್ತುವಾಗ ಕಾಲಡಿಯಲ್ಲಿ ಕೆಂಪು, ಕಪ್ಪು ಜಲ್ಲಿ. ಕೆಂಪು ಇರುವುದು ಕಲ್ಲಿನೊಳಗಿನ ಕಬ್ಬಿಣ ಬಿಸಿಯಿರುವಾಗಲೇ ಗಾಳಿ ತಾಗಿ ತುಕ್ಕಿನ ಬಣ್ಣಕ್ಕೆ ತಿರುಗಿದ್ದರಿಂದ. ಒಂದನ್ನು ಕೈಗೆತ್ತಿಕೊಂಡು ಮಗನಿಗೆ ತೋರಿಸಿ, ಬ್ರೆಡ್ಡಿನ ಹಾಗೆ ತೂತುತೂತು. ಕರಗಿದ ಕಲ್ಲಿನಿಂದ ಅನಿಲ ತಪ್ಪಿಸಿಕೊಂಡ ಗುರುತು ಅದು. ತೋರಿಸಿ ಅಲ್ಲೇ ಇಡಿ. ಅದು ರಾಷ್ಟ್ರೀಯ ಉದ್ಯಾನ, ಕಲ್ಲು ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಆ ತೂತುಗಳಿಂದಾಗಿಯೇ ದಾರಿಯಲ್ಲಿ ಒಂದು ಹೊಳೆಯಾಗಲಿ, ಒರತೆಯಾಗಲಿ ಸಿಗುವುದಿಲ್ಲ. ಬಿದ್ದ ಮಳೆ, ಕರಗಿದ ಹಿಮ ಎಲ್ಲ ಬೆಟ್ಟದೊಳಕ್ಕೆ ಇಂಗಿ, ಬುಡದಲ್ಲಿ ಬುಗ್ಗೆಯಾಗಿ ಏಳುತ್ತದೆ. ಬುಡದ ಊರುಗಳಲ್ಲಿ ಸ್ಫಟಿಕದಂಥ ನೀರು, ಮೇಲೆ ಮಾತ್ರ ಅರ್ಧ ಲೀಟರ್ ಬಾಟಲಿಗೆ 500 ಯೆನ್. ತಲೆಗೆ ಎರಡು ಲೀಟರ್ ಕೆಳಗಿನಿಂದಲೇ ಹೊತ್ತು ನಡೆಯಿರಿ. ಶೌಚಾಲಯಕ್ಕೆ ಪ್ರತಿ ಸಲ 200, 300 ಯೆನ್. 100 ಯೆನ್ ನಾಣ್ಯಗಳನ್ನು ಒಂದು ಚೀಲದಲ್ಲಿ ತುಂಬಿಕೊಳ್ಳಿ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಕಸದ ಡಬ್ಬಿ ಎಲ್ಲೂ ಇಲ್ಲ. ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ಇಳಿಯಬೇಕು.

ಬಟ್ಟೆಬರೆಯ ದೊಡ್ಡ ಪಟ್ಟಿ ಕೊಡುವುದಿಲ್ಲ. ಮೂರು ವಸ್ತುಗಳ ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಂದು, ಮೇಲಂಗಿ ಮತ್ತು ಪ್ಯಾಂಟ್ ಬೇರೆಬೇರೆ ಇರುವ ಒಳ್ಳೆಯ ರೇನ್‌ಕೋಟು. ಅಗ್ಗದ ಪ್ಲಾಸ್ಟಿಕ್ ಪೊಂಚೊ ಆ ಗಾಳಿಗೆ ಹತ್ತು ನಿಮಿಷದಲ್ಲಿ ಚಿಂದಿ, ಕೊಡೆ ಎರಡು ನಿಮಿಷದಲ್ಲಿ. 2025ರಿಂದ ಯೊಶಿದಾ ಗೇಟಿನಲ್ಲಿ ಚಡ್ಡಿ, ಚಪ್ಪಲಿ ಹಾಕಿ ಬಂದವರನ್ನು ತಡೆಯುವ ಅಧಿಕಾರವೂ ಸಿಬ್ಬಂದಿಗೆ ಇದೆ. ಎರಡು, ತಲೆಗೆ ಒಂದೊಂದು ಹೆಡ್‌ಲ್ಯಾಂಪು. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು. ಮೂರು, ಶೂ. ನಾನೊಮ್ಮೆ ಹತ್ತು ವರ್ಷ ಹಳೆಯ ಟ್ರೆಕ್ಕಿಂಗ್ ಶೂ ಹಾಕಿಕೊಂಡು ಹೋಗಿದ್ದೆ, ನೋಡಲು ಹೊಸದರಂತೆ ಇತ್ತು. ಇಳಿಯುವಾಗ ಅಡಿಯೇ ಕಳಚಿ ಬಾಯಿ ಬಿಟ್ಟಿತು. ಅಂಥ ಅಡಿಗಳ ಒಳಪದರ ಪಾಲಿಯುರೆಥೇನ್. ಅದು ಬಳಸದೆ ಬೀರುವಿನಲ್ಲಿಟ್ಟರೂ ಗಾಳಿಯ ತೇವಕ್ಕೆ ಒಳಗಿಂದೊಳಗೇ ಪುಡಿಯಾಗುತ್ತದೆ. ಟೇಪು ಸುತ್ತಿಕೊಂಡು ಕುಂಟುತ್ತಾ ಇಳಿದೆ. ಈಗ ಒಂದು ಸುರುಳಿ ಟೇಪು ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ.

ಊಟದ ವಿಷಯ ಸ್ವಲ್ಪ ಕಷ್ಟ. ತಂಗುಮನೆಗಳಲ್ಲಿ ಸಾಮಾನ್ಯವಾಗಿ ಕೊಡುವುದು ಕರಿ (ಮಸಾಲೆ ಗೊಜ್ಜು) ಹಾಕಿದ ಅನ್ನ. ಅದರಲ್ಲಿ ಮಾಂಸ ಇರುತ್ತದೆ ಅಂತಲೇ ತಿಳಿಯಿರಿ. ತರಕಾರಿ ಕಂಡರೂ ಸಾರು ಮಾಂಸದ್ದೋ ಮೀನಿನದ್ದೋ ಇರಬಹುದು. ಬುಕ್ ಮಾಡುವಾಗಲೇ ಊಟ ಬೇಡ ಅಂದು, ಬಿಸಿನೀರು ಮಾತ್ರ ಕೇಳಿ, ನಿಮ್ಮದನ್ನೇ ಒಯ್ಯುವುದು ನೆಮ್ಮದಿ. ಆ ಎತ್ತರದಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಹಾಗಾಗಿ ಬಿಸಿನೀರಲ್ಲಿ ನೆನೆಸುವ ಪದಾರ್ಥಕ್ಕೆ ಎರಡು ನಿಮಿಷ ಜಾಸ್ತಿ ಕೊಡಿ. ಉಳಿದಂತೆ ಒಣಹಣ್ಣು, ಬೀಜಗಳು, ಚಾಕೊಲೇಟ್. ಮೇಲೆ ಹಸಿವಾಗುವುದಿಲ್ಲ, ಆದರೂ ಗಂಟೆಗೊಮ್ಮೆ ಬಾಯಿಗೆ ಏನಾದರೂ ಹಾಕುತ್ತಿರಿ.

ಹತ್ತುವುದಕ್ಕಿಂತ ಇಳಿಯುವುದು ಬೇಸರ. ಸಡಿಲ ಜಲ್ಲಿಯ ಮೇಲೆ ಮೂರು, ನಾಲ್ಕು ಗಂಟೆ ಅತ್ತಿಂದಿತ್ತ ಅಂಕುಡೊಂಕು. ಧೂಳು. ಮೊಣಕಾಲು ಬೊಬ್ಬೆ ಹಾಕುತ್ತದೆ. ಊರುಗೋಲು ಉಪಯೋಗಕ್ಕೆ ಬರುವುದು ಅಲ್ಲೇ. ಐದನೇ ನಿಲ್ದಾಣದಲ್ಲಿ ಸಿಗುವ ಮರದ ಕೋಲು ತೆಗೆದುಕೊಂಡರೆ ದಾರಿಯ ತಂಗುಮನೆಗಳಲ್ಲಿ ದುಡ್ಡು ಕೊಟ್ಟು ಕಾದ ಕಬ್ಬಿಣದ ಮುದ್ರೆ ಒತ್ತಿಸಿಕೊಳ್ಳಬಹುದು. ಮಗ ಖುಷಿಪಡುತ್ತಾನೆ. ಇಳಿಯುವ ದಾರಿಯಲ್ಲಿ ತಂಗುಮನೆಗಳಿಲ್ಲ, ಶೌಚಾಲಯವೂ ಅಪರೂಪ. ತುದಿಯಲ್ಲೇ ಮುಗಿಸಿಕೊಂಡು ಹೊರಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಎಂಟನೇ ನಿಲ್ದಾಣದ ಹತ್ತಿರ ಬರುವ ಕವಲು. ಅಲ್ಲಿಯವರೆಗೆ ಯೊಶಿದಾ, ಸುಬಾಶಿರಿ ಎರಡಕ್ಕೂ ಒಂದೇ ಇಳಿದಾರಿ, ಅಲ್ಲಿಂದ ಬೇರೆಬೇರೆ. ಯೊಶಿದಾದ ಫಲಕ ಹಳದಿ, ಸುಬಾಶಿರಿಯದು ಕೆಂಪು. ದಣಿದ ಕಣ್ಣಿಗೆ ಎರಡೂ ಒಂದೇ. ತಲೆ ತಗ್ಗಿಸಿ ಮುಂದಿನವರ ಬೆನ್ನು ಹಿಡಿದು ಹೋದವರು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಬೇರೆ ಪ್ರಾಂತ್ಯದಲ್ಲಿ ಇಳಿದು, ಟ್ಯಾಕ್ಸಿಗೆ ಸಾವಿರಾರು ಯೆನ್ ಸುರಿಯುತ್ತಾರೆ. ‘ಹಳದಿ’ ಅಂತ ಅಂಗೈ ಮೇಲೆ ಬರೆದುಕೊಂಡರೂ ತಪ್ಪಿಲ್ಲ.

ಅಜ್ಜಿಗೆ ಕಾಗದ? ಖಂಡಿತ ಹಾಕಬಹುದು. ಫುಜಿಯ ತುದಿಯಲ್ಲಿ ನಿಜಕ್ಕೂ ಒಂದು ಅಂಚೆ ಕಚೇರಿಯಿದೆ, ತುದಿಯದ್ದೇ ಮೊಹರೂ ಬೀಳುತ್ತದೆ. ಆದರೆ ಅದು ಇರುವುದು ಫುಜಿನೊಮಿಯಾ ಕಡೆಯ ಅಂಚಿನಲ್ಲಿ. ನೀವು ಯೊಶಿದಾ ಕಡೆಯಿಂದ ಹತ್ತಿ, ಕುಳಿಯ ಅಂಚಿನಲ್ಲೇ ಅರ್ಧ ಗಂಟೆ ನಡೆಯಬೇಕು. ಸೀಸನ್‌ನಲ್ಲೂ ಅದು ತೆರೆದಿರುವುದು ಕೆಲವೇ ವಾರ, ಅದೂ ಬೆಳಗಿನಿಂದ ಮಧ್ಯಾಹ್ನದವರೆಗೆ. ಆ ವರ್ಷದ ದಿನಾಂಕ ನೋಡಿಕೊಳ್ಳಿ. ಕಾರ್ಡು ಮತ್ತು ಅಂಚೆಚೀಟಿಯನ್ನು ಟೋಕಿಯೊದಲ್ಲೇ ಕೊಳ್ಳಿ. ಬರೆಯುವುದನ್ನೂ ತಂಗುಮನೆಯಲ್ಲಿ ಸುಮ್ಮನೆ ಕೂತಿರುವಾಗ ಮುಗಿಸಿಬಿಡಲಿ. ತುದಿಯ ಚಳಿಗೆ ಬೆರಳು ಸೆಟೆದುಕೊಂಡು ಅಜ್ಜಿಗೆ ಅವನ ಅಕ್ಷರ ಗುರುತೇ ಸಿಗಲಿಕ್ಕಿಲ್ಲ.